ಗಿರಣಿಗಳು ನಿಂತ ದಿನ

"ಕೂಸೆಲ್ಲಿ ಅದರಿ?"

ಅಮರನಾಥ ಭಾಗ್ಯಜ್ಯೋತಿಗೆ ಆಡಿದ ಮೊದಲ ಮಾತು ಅದು. ಆಳಂದದ ಹಳೇ ಪೇಟೆಯ ಒಂಟಿ ಕೋಣೆಯಲ್ಲಿ, ಚಾಪೆಯ ಮೇಲೆ ಮಂಡಿಯೂರಿ, ಒಬ್ಬ ಪುಟ್ಟ ಹುಡುಗಿಯ ಬಿಗಿದುಕೊಂಡ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಸಡಿಲಿಸುತ್ತಿದ್ದ ಅವನು ತಲೆ ಎತ್ತಿರಲಿಲ್ಲ. ಬಾಗಿಲಲ್ಲಿ ಹೆಣ್ಣಿನ ನೆರಳು ಬಿದ್ದರೆ ಅದು ಮಗುವನ್ನು ಹೊತ್ತು ತಂದ ತಾಯಿಯದೇ ಎಂದು ಅವನ ಲೆಕ್ಕ.

"ಕೂಸಿಲ್ರಿ," ಎಂದಳು ಅವಳು.

"ಮನ್ಯಾಗ ಬಿಟ್ಟು ಬಂದೀರೇನು? ಹಂಗಾರ ಎಕ್ಸರ್‌ಸೈಜ್ ಯಾರಿಗಿ ಮಾಡಿಸ್ಲಿ, ನಿಮಗಾ?"

"ನನಗ ಇನ್ನಾ ಮದ್ವಿನೇ ಆಗಿಲ್ರಿ. ನಾ ಕಲಬುರಗಿ ನಗರ ಯೋಜನೆ ಆಫೀಸಿನಾಕಿ. ನಿಮ್ಮ ಹೊಸ ಜಾಗ ನೋಡಾಕ ಬಂದೇನಿ."

ಗೋಡೆಗೆ ಒರಗಿ ಕೂತಿದ್ದ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಮರನಾಥನ ಮುಖಕ್ಕಿಂತ ಮೊದಲು ಅವನ ಕಿವಿಗಳು ಕೆಂಪಾದವು. ಹುಡುಗಿಯ ಅಜ್ಜಿ, ನರೋಣಾದ ಕುಲಸುಮಬಿ, ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕುಂದ್ರು ಬೇಟಿ. ನಮ್ಮ ಡಾಕ್ಟರ್ ಸಾಬಗ ಮಕ್ಕಳ ಕಾಲು ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ."

ಅವನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲು ಬಿಗಿದುಕೊಂಡ ಮಕ್ಕಳನ್ನು ನರೋಣಾ, ಹಿರೋಳ್ಳಿ ಕಡೆಯಿಂದ ತಾಯಂದಿರು ಸೊಂಟದ ಮೇಲೆ ಹೊತ್ತು ತರುತ್ತಿದ್ದರು. ಕೋಣೆ ಸಾಲುತ್ತಿರಲಿಲ್ಲ. ಬೇಳೆ ಗಿರಣಿಯ ದೇವೀಂದ್ರಪ್ಪ ಕೈಗಾರಿಕಾ ಪ್ರದೇಶದಲ್ಲಿದ್ದ ತಮ್ಮ ಮುಚ್ಚಿದ ಎಣ್ಣೆ ಗಿರಣಿಯನ್ನು ಮಕ್ಕಳ ಚಿಕಿತ್ಸಾ ಕೇಂದ್ರಕ್ಕೆ ಬಾಡಿಗೆಯಿಲ್ಲದೆ ಕೊಡಲು ಒಪ್ಪಿದ್ದರು. ಯುಗಾದಿಯೊಳಗೆ ಮಂಜೂರಾತಿ ಬರಬೇಕು, ಇಲ್ಲದಿದ್ದರೆ ಗೋದಾಮು ಮಾಡುತ್ತೇನೆ ಎಂದೂ ಹೇಳಿದ್ದರು. ಊರಿನ ನಕ್ಷೆಯಲ್ಲಿ ಆ ಜಾಗ ಕಾರ್ಖಾನೆಗಳಿಗೆ ಮೀಸಲು. ಅಲ್ಲಿ ಮಕ್ಕಳನ್ನು ಇರಿಸಬಹುದೇ, ಅಲ್ಲಿನ ಗಾಳಿ, ಸದ್ದು ಮಕ್ಕಳು ತಡೆಯುವಂತಿವೆಯೇ ಎಂದು ಅಳೆದು ವರದಿ ಬರೆಯುವ ಕೆಲಸ ಭಾಗ್ಯಜ್ಯೋತಿಯದು.

ಒಂದು ಭೇಟಿಗೆ ಮುಗಿಯಬೇಕಾದ ಕೆಲಸ. ಆದರೆ ಅವಳಿಗೆ ಗೋಡೆಯ ಎತ್ತರ ಮತ್ತೊಮ್ಮೆ ನೋಡಬೇಕೆನಿಸಿತು. ಆಮೇಲೆ ರಸ್ತೆಯ ಅಗಲ. ಆಮೇಲೆ ಮಳೆನೀರು ಹರಿಯುವ ದಿಕ್ಕು.

"ಮೇಡಂ, ಈ ಗೋಡಿ ಹೋದ ವಾರನೂ ಇಷ್ಟೇ ಎತ್ತರ ಇತ್ತು," ಎಂದ ಅಮರನಾಥ ಟೇಪಿನ ಇನ್ನೊಂದು ತುದಿ ಹಿಡಿದು.

"ಖಾತ್ರಿ ಮಾಡ್ಕೋಬೇಕ್ರಿ."

"ಮಾಡ್ಕೋರಿ, ಮಾಡ್ಕೋರಿ. ಬರೂ ವಾರನೂ ಒಮ್ಮೆ ಖಾತ್ರಿ ಮಾಡ್ಕೋರಿ." ಹೇಳುವಾಗ ಅವನು ಗೋಡೆ ನೋಡುತ್ತಿರಲಿಲ್ಲ. ಅವಳು ಅಂಕಿ ಓದುವ ನೆಪದಲ್ಲಿ ಬಗ್ಗಿದಳು. ಯಾವ ಅಂಕಿ ಓದಿದೆನೆಂಬುದು ಮರುಕ್ಷಣ ಮರೆತು, ಮತ್ತೆ ಅಳೆಯಬೇಕಾಯಿತು.

ಗಾಳಿಯಲ್ಲಿನ ಧೂಳು ಅಳೆಯುವ ದಿನವನ್ನು ಗೊತ್ತು ಮಾಡಿದವನು ಅವನೇ. ಫೋನಿನಲ್ಲಿ ಹೇಳಿದ: "ನಾಳಿ ಅಮಾಸಿರಿ. ಯಾರೂ ಕೂಸು ತಗೊಂಡು ಊರು ದಾಟಂಗಿಲ್ಲ. ನಾ ದಿನಾ ಪೂರ್ತಿ ಖಾಲಿ ಇರ್ತೇನಿ. ನಿಮ್ಮ ಮಶೀನು ತಗೊಂಡು ಬಂದ್ಬಿಡ್ರಿ."

ಮೂರು ಕಾಲಿನ ಯಂತ್ರವನ್ನು ಅಂಗಳದ ನಡುವೆ ನಿಲ್ಲಿಸಿ ಇಬ್ಬರೂ ಬೇವಿನ ಗಿಡದ ಕೆಳಗೆ ಕೂತರು. ಯಂತ್ರ ಸಣ್ಣಗೆ ಗುಂಯ್ ಎನ್ನುತ್ತ ಗಾಳಿ ಹೀರುತ್ತಿತ್ತು. ಮಧ್ಯಾಹ್ನ ದೇವೀಂದ್ರಪ್ಪನವರ ಮನೆಯಿಂದ ಹೋಳಿಗೆ ಬಂತು. ಅಂದು ಗಿರಣಿಯಲ್ಲಿ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು.

"ಅದು ಗಾಳಿ ಕುಡೀಲಿ, ನಾವು ಹೋಳಿಗಿ ತಿನ್ನೂಣು," ಎಂದ ಅಮರನಾಥ. "ನಿಮಗ ಎಲ್ಲಾನೂ ಅಳೀಲೇಬೇಕೇನ್ರಿ?"

"ಅಳೀಲಾರದ್ದು ನಂಬೂದು ಹ್ಯಾಂಗ್ರಿ?"

"ಹಂಗಾರ ನನ್ನ ಅಳತಿ ಎಷ್ಟು ಬಂತು?"

ಅವಳು ಹೋಳಿಗೆಯ ಚೂರನ್ನು ತುಪ್ಪದಲ್ಲಿ ಅದ್ದಿ, ತಿಂದು, ಬೆರಳು ಒರೆಸಿಕೊಂಡು, ಆಮೇಲೆ ಕಣ್ಣೆತ್ತಿದಳು. "ಇನ್ನಾ ರೀಡಿಂಗ್ ನಡದದ್ರಿ."

ಅವನು ಮೊದಲು ಕಣ್ಣಲ್ಲಿ ನಕ್ಕ. ಆಮೇಲೆ ಅದು ತುಟಿಗೆ ಇಳಿಯಿತು. ಹೊತ್ತು ಇಳಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಸುತ್ತ ಎಂಥ ಶಾಂತಿ! ಗಿಡದ ಎಲೆ ಉದುರಿದರೂ ಕೇಳಿಸುವಂತಿತ್ತು.

ಬೇರೆ ಸೀಮೆಯವಳಾಗಿದ್ದರೆ ಇಷ್ಟೇಕೆ ಶಾಂತಿ ಎಂದು ಕೇಳುತ್ತಿದ್ದಳು. ಭಾಗ್ಯಜ್ಯೋತಿ ಅಫಜಲಪುರದವಳು. ಅಮವಾಸ್ಯೆಯಂದು ಗಿರಣಿ ತಿರುಗುವುದಿಲ್ಲ, ಹಮಾಲರು ಬರುವುದಿಲ್ಲ, ಲಾರಿಯ ಸರಕು ಇಳಿಯುವುದಿಲ್ಲ. ಇದು ಅವಳಿಗೆ ಯಾರೂ ಹೇಳಿಕೊಟ್ಟ ವಿಷಯವಲ್ಲ, ಉಸಿರಾಟದ ಹಾಗೆ ಇದ್ದೇ ಇದ್ದದ್ದು. ಹಾಗಾಗಿ ಅದು ಅವಳ ಗಮನಕ್ಕೆ ಬರಲಿಲ್ಲ. ಗಾಳಿ ಶುದ್ಧವಾಗಿದೆ ಎಂದು ವರದಿ ಬರೆದಳು.

ಮಂಜೂರಾತಿ ಕೊಡುವ ಸಮಿತಿಯ ಸಭೆಗೆ ಎರಡು ದಿನ ಉಳಿದಿತ್ತು. ವರದಿಗೆ ಅಂಟಿಸುವ ಗ್ರಾಫನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಾಗ ಅವಳ ಕೈ ನಿಂತಿತು. ಗೆರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಚಪ್ಪಟೆ. ಕೆಲಸದ ದಿನದ ಗೆರೆ ಹಾಗಿರುವುದಿಲ್ಲ. ಗಿರಣಿ ಶುರುವಾದಾಗ ಏರಬೇಕು, ಊಟದ ಹೊತ್ತಿಗೆ ಇಳಿಯಬೇಕು, ಮತ್ತೆ ಏರಬೇಕು. ಇದು ಯಾರೂ ಇಲ್ಲದ ಊರಿನ ಗೆರೆ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಆಳಂದಕ್ಕೆ ಹೋದಳು. ಹೊಸ ತೊಗರಿಯ ಹಂಗಾಮು; ಅವಳು ಗೋಡೆ ಅಳೆಯಲು ಬರುತ್ತಿದ್ದಾಗ ಅದಿನ್ನೂ ಶುರುವಾಗಿರಲಿಲ್ಲ. ಎಣ್ಣೆ ಗಿರಣಿಯ ಎರಡೂ ಬದಿಗೆ ಬೇಳೆ ಗಿರಣಿಗಳು ಗದಗದ ನಡುಗುತ್ತಿದ್ದವು. ತೊಗರಿಯ ಹೊಟ್ಟು ಮಂಜಿನ ಹಾಗೆ ಗಾಳಿಯಲ್ಲಿ ನಿಂತಿತ್ತು. ಬೇವಿನ ಎಲೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಯಂತ್ರ ತೆಗೆಯುವ ಮೊದಲೇ ಅವಳಿಗೆ ಕೆಮ್ಮು ಬಂತು.

ಅಲ್ಲಿಂದ ನೇರವಾಗಿ ಹಳೇ ಪೇಟೆಯ ಕೋಣೆಗೆ ಹೋದಳು. ಮಕ್ಕಳೆಲ್ಲ ಹೋಗಿದ್ದರು. ಅಮರನಾಥ ಚಾಪೆ ಸುತ್ತುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ಸುತ್ತಿದ ಚಾಪೆಯನ್ನು ಎದೆಗೆ ಆನಿಸಿಕೊಂಡು ನಿಂತ.

"ಯಾರಿಗರ ಗೊತ್ತದೇನು?"

"ನಿಮಗ. ನನಗ."

ಅವನು ಚಾಪೆಯನ್ನು ಮೂಲೆಗೆ ಒರಗಿಸಿದ. ಆಮೇಲೆ ಹೇಳಿದ, "ಹೇಳಬ್ಯಾಡ್ರಿ."

"ಏನಂದ್ರಿ?"

"ಹಂಗಾಮು ನಾಕು ತಿಂಗಳಷ್ಟೇ. ಕಿಟಕಿ ಮುಚ್ಕೋತೇನಿ, ಪರದೆ ಹಾಕ್ತೇನಿ. ಕುಲಸುಮಬಿ ಮೊಮ್ಮಗಳು ಮೆಹರು ಮೊನ್ನಿ ಗೋಡಿ ಹಿಡ್ಕೊಂಡು ನಿಂತಾಳ್ರಿ. ಹೋದ ವರ್ಷ ಕುಂದ್ರಾಕೂ ಬರ್ತಿರಲಿಲ್ಲ. ಇಂಥಾ ದೊಡ್ಡ ಜಾಗ ಮತ್ತ ಎಲ್ಲಿ ಸಿಗ್ತದ ನನಗ?"

"ಈ ಮಕ್ಕಳಿಗಿ ಸರಿಯಾಗಿ ಕೆಮ್ಮಾಕ ಬರಂಗಿಲ್ಲ, ಎದ್ಯಾಗಿನ ಕಫ ಹೊರಗ ಹಾಕಾಕ ಬರಂಗಿಲ್ಲ ಅಂತ ನನಗ ಹೇಳಿದವ್ರು ನೀವs ಅಲ್ಲೇನು?"

ಅವನು ಮುಖ ತಿರುಗಿಸಿದ. ಅವಳು ಕಾದಳು. ಹೇಳಬೇಡಿ ಎಂದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಸಭೆಯಲ್ಲಿ ಅವಳು ಎದ್ದು ನಿಂತು, ತನ್ನ ಅಳತೆ ತಪ್ಪು, ಅದು ಗಿರಣಿಗಳು ನಿಂತ ದಿನದ್ದು ಎಂದಳು. ಮಂಜೂರಾತಿ ಸಿಗಲಿಲ್ಲ. ಮೇಲಿನವರು ಅವಳ ಪ್ರಾಮಾಣಿಕತೆಯನ್ನು ಮೆಚ್ಚಿದರು. ಯುಗಾದಿ ಮುಗಿದ ಮೇಲೆ ಎಣ್ಣೆ ಗಿರಣಿಯಲ್ಲಿ ತೊಗರಿ ಚೀಲಗಳು ಬಿದ್ದವು. ಕೋಣೆಯ ಮಾಲೀಕರೂ ಜಾಗ ಬಿಡಿಸಿಕೊಂಡರು. ಅಮರನಾಥ ಜೇವರ್ಗಿಗೆ ಹೋದ. ಅಲ್ಲಿ ಯಾರೋ ಹಳೇ ಕಲ್ಯಾಣ ಮಂಟಪ ಕೊಟ್ಟಿದ್ದರಂತೆ.

ಅಳತೆಯ ತಪ್ಪನ್ನು ಭಾಗ್ಯಜ್ಯೋತಿ ತಾನೇ ತಿದ್ದಿದ್ದಳು; ಇಲ್ಲಿಯವರೆಗೆ ಅವಳದೇನೂ ತಪ್ಪಿಲ್ಲ. ಅವಳು ತಪ್ಪಿದ್ದು ಆಮೇಲೆ. ಊರಿನ ನಕ್ಷೆ ಅವಳಿಗೆ ಅಂಗೈಯಷ್ಟು ಪರಿಚಿತ. ಆಳಂದದ ಒಂದು ಬಡಾವಣೆಯಲ್ಲಿ ಸಾರ್ವಜನಿಕ ಸೌಲಭ್ಯಕ್ಕೆಂದೇ ಬಿಟ್ಟ ಸಿಎ ಸೈಟು ಖಾಲಿ ಬಿದ್ದಿತ್ತು. ಆಸ್ಪತ್ರೆಗೋ ಶಾಲೆಗೋ ಬಿಟ್ಟರೆ ಬೇರೆ ಯಾವುದಕ್ಕೂ ಕೊಡುವಂತಿಲ್ಲ. ಗಿರಣಿಗಳು ದೂರ, ಬಸ್ ನಿಲ್ದಾಣ ಹತ್ತಿರ. ಅದು ಅವಳಿಗೆ ಸಭೆ ಮುಗಿದ ಸಂಜೆಯೇ ಹೊಳೆದಿತ್ತು. ಫೋನ್ ಕೈಗೆ ತೆಗೆದುಕೊಂಡಳು ಕೂಡ. ಮೊದಲು ಅವನು ಮಾಡಲಿ ಎಂದು ಕೆಳಗಿಟ್ಟಳು. ತಪ್ಪು ಕೇಳಿದವನು ಅವನು, ಸರಿ ಮಾಡಿದವಳು ತಾನು. ಸರಿ ಮಾಡಿದವರು ಮೊದಲು ಫೋನ್ ಮಾಡುವುದೆಂದರೇನು? ಅವನು ಮಾಡಲಿಲ್ಲ. ಇವಳು ದಿನಾ ಕಾದಳು. ಹೀಗೆ ಒಂದು ವರ್ಷ ಹೋಯಿತು.

ಕುಲಸುಮಬಿ ಸಿಕ್ಕಿದ್ದು ಆಳಂದ ಬಸ್ ನಿಲ್ದಾಣದಲ್ಲಿ. ಸೊಂಟದ ಮೇಲೆ ಮೆಹರು. ಉದ್ದವಾಗಿದ್ದಳು. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದು ಅಜ್ಜಿಯ ಮೊಣಕಾಲಿನವರೆಗೆ ಜೋತುಬಿದ್ದಿದ್ದವು.

"ಜೇವರ್ಗಿಗಿ ಹೋಗೂದಿಲ್ಲೇನು ದಾದಿಮಾ?"

"ಶುರುವಿಗಿ ಹೋದೆ ಬೇಟಿ. ಎರಡು ಬಸ್ಸು ಬದಲ್ ಮಾಡ್ಬೇಕು. ಇಕಿ ಭಾರ ಆಗ್ಯಾಳ, ನಾ ಹಗುರ ಆಗೇನಿ." ಮುದುಕಿ ತನ್ನ ಮಾತಿಗೆ ತಾನೇ ನಕ್ಕಳು. "ಡಾಕ್ಟರ್ ಸಾಬ್ ಒಂದೆರಡು ಸಲ ನರೋಣಾಕ್ಕs ಬಂದ್ರು. ದಿನಾ ಬರಾಕ ಆಗ್ತದೇನು?"

ಮುದುಕಿಯ ಮಾತಿನಲ್ಲಿ ದೂರು ಇರಲೇ ಇಲ್ಲ. ಅದನ್ನೇ ಭಾಗ್ಯಜ್ಯೋತಿಗೆ ತಡೆಯಲಾಗಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವಳು ಕಚೇರಿಯಿಂದ ಕಚೇರಿಗೆ ಓಡಾಡಿ, ಬೈಸಿಕೊಂಡು, ಕಾದು, ಸಿಎ ಸೈಟನ್ನು ಮಕ್ಕಳ ಕೇಂದ್ರಕ್ಕೆ ಮಂಜೂರು ಮಾಡಿಸಿದಳು. ದೇವೀಂದ್ರಪ್ಪ ಶೆಡ್ ಕಟ್ಟಿಸಿಕೊಡಲು ಒಪ್ಪಿದರು. ಆಮೇಲೆ ಜೇವರ್ಗಿಯ ಬಸ್ಸು ಹತ್ತಿದಳು.

ಕಲ್ಯಾಣ ಮಂಟಪದೊಳಗೆ ಮಕ್ಕಳು ತುಂಬಿದ್ದರು. ಅಮರನಾಥನ ಕಿವಿಯ ಬಳಿ ಒಂದಿಷ್ಟು ಬಿಳಿಗೂದಲು ಬಂದಿತ್ತು. ಅವಳನ್ನು ಕಂಡು ಎದ್ದು ಹೊರಗೆ ಬಂದ. ಕಟ್ಟೆಯ ಮೇಲೆ ಇಬ್ಬರೂ ಕೂತರು. ಅವಳು ಸೈಟಿನ ಸುದ್ದಿ ಹೇಳಿದಳು.

ಅವನ ಮುಖ ಅರಳಿತು. ಮರುಕ್ಷಣ ಮೊದಲಿನಂತಾಯಿತು. "ನಾ ಬರಂಗಿಲ್ರಿ. ನನ್ನ ಜೋಡಿ ಮಂಜರಿ ಅಂತ ಹುಡುಗಿ ಇದ್ದಾಳ, ಛಲೋ ಕಲ್ತಾಳ. ಅಕಿಗಿ ಕಳಸ್ತೇನಿ. ಇಲ್ಲಿ ಮಕ್ಕಳು ನನಗ ಹತ್ಗೊಂಡಾವ. ಒಮ್ಮೆ ಬಿಟ್ಟು ಬಂದವ ನಾನು. ಎರಡನೇ ಸಲ ಬಿಡಾಕ ಆಗಂಗಿಲ್ಲ."

"ಈ ಸೈಟು ಆವತ್ತs ನನಗ ಗೊತ್ತಿತ್ತು," ಎಂದಳು. "ನೀವು ಫೋನ್ ಮಾಡ್ಲಿ ಅಂತ ಕೂತೆ."

ಅವನು ಅವಳನ್ನು ನೋಡಿದ. ಕೋಪವಿಲ್ಲ, ದಣಿವು ಮಾತ್ರ. "ನಾ ಎಷ್ಟು ಸಲ ನಂಬರ್ ಒತ್ತಿ ಬಿಟ್ಟೇನಿ. ಏನಂತ ಮಾತಾಡ್ಲಿ? ಹೇಳಬ್ಯಾಡ್ರಿ ಅಂದದ್ದೂ ಇದೇ ಬಾಯಿ ಅಲ್ಲೇನು?"

ಒಳಗೆ ಯಾವುದೋ ಮಗು ಗಟ್ಟಿಯಾಗಿ ನಕ್ಕಿತು. ಅವಳು ಧೈರ್ಯ ಮಾಡಿದಳು. "ನಾ ಬರೇ ಸೈಟಿನ ಸಲುವಾಗಿ ಬಂದಿಲ್ರಿ. ನಿಮ್ಮ ಸಲುವಾಗೂ ಬಂದೇನಿ."

"ಗೊತ್ತದ." ಎಂದ ಅವನು. "ನೀವು ಗೋಡಿ ಮತ್ತ ಮತ್ತ ಅಳೆಯುವಾಗಿಂದ ಗೊತ್ತದ. ನನಗೂ ಅಷ್ಟs ಆಗಿತ್ತು, ಈಗೂ ಅದ. ಆದ್ರ ನೀವು ಎದುರಿಗಿ ಬಂದ್ರ ನನಗ ನಾ ಆವತ್ತು ಅಂದದ್ದs ಕೇಳಸ್ತದ. ಎಲ್ಲಾ ಗೊತ್ತಿದ್ದೂ ಅಂದೆ ನಾ. ದಿನಾ ಒಂದು ಮನ್ಯಾಗ ಅದನ್ನ ಕೇಳ್ಕೋತ ಬದುಕಾಕ ನನಗ ಆಗಂಗಿಲ್ಲ."

"ನಾ ಅದನ್ನ ಮರ್ತೇನಿ."

"ನಿಮಗ ಸುಳ್ಳ ಹೇಳಾಕ ಬರಂಗಿಲ್ರಿ."

ಬರುವುದಿಲ್ಲ, ನಿಜ. ಅವಳು ಅವನ ಕೈಯನ್ನು ಹಿಡಿದಳು. ಮಕ್ಕಳ ಹಿಮ್ಮಡಿ ಹಿಡಿದು ಹಿಡಿದು ಅಂಗೈ ಒರಟಾಗಿತ್ತು. ಅವನು ಹಿಡಿತ ಬಿಗಿಗೊಳಿಸಿದ. ಒಳಗಿನಿಂದ ಕರೆ ಬರುವವರೆಗೆ ಯಾರೂ ಬಿಡಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ಬಿಟ್ಟರು.

ಬಸ್ಸಿನಲ್ಲಿ ಕೂತು ನರೋಣಾಕ್ಕೆ ಫೋನ್ ಮಾಡಿದಳು. ಆಳಂದದಲ್ಲೇ ಕೇಂದ್ರ ಆಗುತ್ತದೆ, ಮೆಹರುವನ್ನು ಕರೆತರಬಹುದು ಎಂದಳು. ಕುಲಸುಮಬಿ ಅಲ್ಲಾನಿಗೆ ಶುಕ್ರಿಯಾ ಹೇಳಿ, ಉಸಿರೆಳೆದುಕೊಂಡು ಕೇಳಿದಳು, "ಡಾಕ್ಟರ್ ಸಾಬ್ ಬರ್ತಾರಲ್ಲ ಬೇಟಿ?"

"ಇಲ್ಲ ದಾದಿಮಾ. ಬ್ಯಾರೆಯಾಕಿ ಬರ್ತಾಳ. ಅವ್ರನ್ನ ಕರಿಯೂದು ನಾ ತಡಾ ಮಾಡಿದೆ."

ಬಸ್ಸು ಭೀಮೆಯ ಸೇತುವೆ ಹತ್ತಿತು. ಭಾಗ್ಯಜ್ಯೋತಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಪಕ್ಕದಲ್ಲಿದ್ದ ಇಜೇರಿಯ ಹೆಂಗಸು ನೋಡಿಯೂ ನೋಡದವಳಂತೆ, ತೊಡೆಯ ಮೇಲಿನ ಗಂಟನ್ನು ಕೆಳಗಿಳಿಸಿ, ಅವಳಿಗೆ ಇನ್ನೊಂದಿಷ್ಟು ಜಾಗ ಬಿಟ್ಟಳು.