ಬೀಗ ಬೀಳದ ಮನೆ

"ದೀಪ ಕಾಣವಲ್ದು! ಫೋನ್ ಕೆಳಗ ಹಿಡಿ. ನಿನ್ನ ಮಾರಿ ನೋಡ್ಲಾಕ ಮಾಡೀನೇನು ನಾ ಫೋನು?"

ಜಗದೇವಿ ಮೊಬೈಲನ್ನು ದೇವರ ಗೂಡಿನ ಮುಂದೆ ಹಿಡಿದಳು. ಬತ್ತಿ ಸಣ್ಣಗೆ ಉರಿಯುತ್ತಿತ್ತು. ಅಲ್ಲಿ ಸೇಡಂನಲ್ಲಿ, ಹಿರಿಯ ಮಗ ಖಂಡೆಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಸುಂದರಬಾಯಿ ಪರದೆಯ ಆಚೆಯಿಂದಲೇ ಕೈ ಮುಗಿದಳು.

"ಅತ್ತಿ, ಇವತ್ತ ಅವರು ಫೋನ್ ಎತ್ತವಲ್ರು. ಮುಂಜಾನಿಂದ ಮಾಡ್ಲಿಕತ್ತೀನಿ…"

"ದುಡಿಯೋ ಗಂಡಸು ಅಂವ. ನಿನ್ನಂಗ ಫ್ಯಾನಿನ ಕೆಳಗ ಕುಂತಾನೇನು? ಮುಂಬೈದಾಗ ಸ್ವಂತ ಮನಿ, ನಳದಾಗ ನೀರು, ಇನ್ನೇನ್ ಬೇಕು ನಿಂಗ? ಎಣ್ಣಿ ಹಾಕು, ಬತ್ತಿ ಸಣ್ಣ ಆಗ್ಯದ."

ಫೋನು ನಿಂತಿತು. ಮನೆಯೂ ನಿಂತುಹೋದಂತಾಯಿತು.

ಆ ಮನೆಗಾಗಿ ಜಗದೇವಿ ಎಷ್ಟು ಕಾದಿದ್ದಳು! ಚಿಂಚೋಳಿ ಸೀಮೆಯ ತವರು ಬಿಟ್ಟು ಸೇಡಂಗೆ ಸೊಸೆಯಾಗಿ ಬಂದಾಗ ಗಂಡ ಲಕ್ಷ್ಮಿಕಾಂತ ಮುಂಬೈ ಬಂದರಿನ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ. ಅದೇ ಗೋದಾಮಿನ ಗೆಳೆಯ, ವಾಡಿ ಊರಿನ ಖಾಜಾಮಿಯಾನ ಜೊತೆ ಬಂದರಿನ ಹತ್ತಿರದ ಒಂದು ಬಾಡಿಗೆ ಖೋಲಿಯಲ್ಲಿ ಇರುತ್ತಿದ್ದ. "ಸ್ವಂತ ಮನಿ ಆದಮ್ಯಾಲೇ ನಿನ್ನ ಕರ್ಕೊಂಡ್ ಹೋಗ್ತೀನಿ. ಬಾಡಿಗಿ ಖೋಲ್ಯಾಗ ಸಂಡಾಸಕ್ಕ ಲೈನ್ ಹಚ್ಚೋ ಬಾಳ್ವಿ ನಿಂಗ ಬ್ಯಾಡ" ಎಂದಿದ್ದ. ಹಬ್ಬಕ್ಕೆ ಬರುತ್ತಿದ್ದ, ಹಬ್ಬ ಮುಗಿಯುವ ಮೊದಲೇ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಹತ್ತುತ್ತಿದ್ದ. ಹೀಗೇ ವರ್ಷಗಳು ಉರುಳಿದವು. ಕಡೆಗೂ ಮನೆಯಾಯಿತು. ಆದರೆ ಅವನ ಸಂಬಳಕ್ಕೆ ಸಿಕ್ಕ ಮುಂಬೈ ಎಂದರೆ, ಕಲ್ಯಾಣ ಸ್ಟೇಷನ್ ದಾಟಿ ಇನ್ನೂ ಒಂದು ತಾಸು ಲೋಕಲ್ ರೈಲಿನಲ್ಲಿ ನಿಂತು ಹೋಗಬೇಕಾದ ಮುಂಬೈ! ಗೋದಾಮಿನ ಪಾಳಿಯೋ ನಸುಕಿನಲ್ಲೇ ಶುರು. ದಿನಾ ಹೋಗಿ ಬರುವುದು ಆಗದ ಮಾತಾಯಿತು. ಅವನು ಮತ್ತೆ ಅದೇ ಖೋಲಿಯಲ್ಲಿ ಉಳಿದ. ಶನಿವಾರ ಬಂದರೆ ಸೋಮವಾರದ ನಸುಕಿಗೆ ಎದ್ದು ಹೋಗುತ್ತಿದ್ದ. ಸೇಡಂನಲ್ಲಿದ್ದಾಗ ಗಂಡ ದೂರ ಇದ್ದಾನೆ ಎಂದು ಅಳಬಹುದಿತ್ತು. ಈಗ ಅವನೂ ಮುಂಬೈ, ಇವಳೂ ಮುಂಬೈ… ಯಾರ ಮುಂದೆ ಏನೆಂದು ಅಳುವುದು?

ಸಾಲದ್ದಕ್ಕೆ ಅತ್ತೆಯ ಕಟ್ಟಳೆ. ವಾಸ್ತುಪೂಜೆಯ ದಿನ ಸುಂದರಬಾಯಿ ಹೊಸ್ತಿಲಿಗೆ ಅರಿಶಿನ ಬಳಿದು ಸೊಸೆಯ ಕೈಹಿಡಿದು ಹೇಳಿದ್ದಳು: "ಈ ಯುಗಾದಿಯಿಂದ ಬರೋ ಯುಗಾದಿ ತನಕ ಈ ಬಾಗಲಿಗಿ ಕೀಲಿ ಬೀಳಬಾರದು. ಸಂಜಿಗಿ ದೀಪ ತಪ್ಪಬಾರದು. ಎಲ್ಲಾ ಹಬ್ಬ ಒಂದ್ಸರ್ತಿ ಈ ಮನ್ಯಾಗ ಆಗಲಿ, ಆಮ್ಯಾಲ ನೀ ಎಲ್ಲಿ ಬೇಕಾದ್ರೂ ತಿರುಗು." ಯಾಕೆ ಎಂದು ಕೇಳಿದರೆ ಮುಖ ಸಿಂಡರಿಸಿದ್ದಳು. ಲಕ್ಷ್ಮಿಕಾಂತನೂ, "ಒಂದೇ ವರ್ಷದ ಮಾತು, ಅವ್ವನ ಮನಸ್ಸು ಯಾಕ ನೋಯ್ಸೋದು" ಎಂದು ನಕ್ಕುಬಿಟ್ಟಿದ್ದ. ನಗುವವರಿಗೇನು, ವರ್ಷ ಕಳೆಯಬೇಕಾದವಳು ಜಗದೇವಿ! ಆ ಮಹಡಿಯಲ್ಲಿ ನಾಲ್ಕು ಮನೆಗಳಿದ್ದವು. ಕೊಂಡವರು ಯಾರೂ ಬಂದಿರಲಿಲ್ಲ, ಉಳಿದ ಮೂರಕ್ಕೂ ಬೀಗ. ತರಕಾರಿ ಬೇಕೆಂದರೆ ಕಿಟಕಿಯಿಂದ ಹಗ್ಗ ಕಟ್ಟಿದ ಚೀಲ ಇಳಿಬಿಡಬೇಕು, ಕೆಳಗಿನ ವಾಚ್‌ಮನ್ ತುಂಬಿ ಕಳಿಸುತ್ತಿದ್ದ. ಅವನ ಮರಾಠಿ ಇವಳಿಗೆ ಅರ್ಧ ತಿಳಿಯುತ್ತಿತ್ತು. ಆ ಅರ್ಧಕ್ಕಾಗಿಯೇ ಒಮ್ಮೊಮ್ಮೆ ಬೇಡದ ಕೊತ್ತಂಬರಿ ತರಿಸುತ್ತಿದ್ದಳು. ತಾನು ಹೀಗೆ ನೊಂದುಕೊಳ್ಳುವುದೇ ತಪ್ಪೇನೋ ಎಂಬ ಅಳುಕು ಬೇರೆ. ತವರಿನಲ್ಲಿ ಅಕ್ಕತಂಗಿಯರು, "ನಿಂದೇನವ್ವ, ಮುಂಬೈದಾಗ ಮನಿ ಕಟ್ಕೊಂಡಾಕಿ" ಎನ್ನುತ್ತಿದ್ದರಲ್ಲ!

ಎಣ್ಣೆ ಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಫೋನು ಬಂತು. ಖಾಜಾಮಿಯಾ.

"ಭಾಬಿ, ಅಂಜಬ್ಯಾಡ್ರಿ. ಲಕ್ಷ್ಮಿಕಾಂತಗ ನಾಲ್ಕೈದು ದಿನದಿಂದ ಬುಖಾರ್ ಇತ್ತು. 'ನಮ್ಮಾಕಿಗಿ ಹೇಳಬ್ಯಾಡ' ಅಂತ ನನ್ನ ಬಾಯಿ ಮುಚ್ಚಿಸಿದ್ದ. ಇವತ್ತ ಗೋದಾಮಿನಾಗ ತಲಿ ತಿರುಗಿ ಬಿದ್ದಾನ. ದವಾಖಾನಿಗಿ ಸೇರ್ಸೀನಿ. ಡೆಂಗಿ ಅಂತ್ರಿ… ರಕ್ತದಾಗ ಅದೇನೋ ಭಾಳ ಕಡಿಮಿ ಆಗ್ಯದಂತ. ನೀವ್ ಜಲ್ದಿ ಬರ್ರಿ. ಬರೇ ನಿಮ್ಮ ಹೆಸರೇ ತಗೊಳ್ಳಿಕತ್ತಾನ."

ಜಗದೇವಿ ಕೂಡಲೇ ಅತ್ತೆಗೆ ಫೋನು ಮಾಡಿದಳು. ವಿಷಯ ಕೇಳಿದ ಸುಂದರಬಾಯಿ ಒಮ್ಮೆ ಚೀರಿದಳು. ಆಮೇಲೆ ಅವಳ ದನಿ ಕಲ್ಲಾಯಿತು.

"ನೀ ಎಲ್ಲಿ ಹೊಂಟಿ?"

"ಎಲ್ಲಿ ಅಂದ್ರ? ಅವರಿದ್ದಲ್ಲಿಗ್ರಿ!"

"ಮನಿ? ಮನಿಗಿ ಕೀಲಿ ಹಾಕ್ತಿಯೇನು? ಬ್ಯಾಡ! ನಾ ಖಂಡೆಪ್ಪನ ಜೋಡಿ ಈಗೇ ಗಾಡಿ ಹತ್ತತೀನಿ. ಮುಂಜಾನಿಗಿ ಬಂದು ಮನ್ಯಾಗ ಕುಂದರ್ತೀನಿ, ಆಮ್ಯಾಲ ನೀ ಹೋಗು. ಒಂದ್ ರಾತ್ರಿ ತಡಿ!"

"ಒಂದ್ ರಾತ್ರಿ! ಅಲ್ಲಿ ಅವರು… ಅತ್ತಿ, ನಿಮ್ಮ ಎದಿ ಏನು ಬಂಡಿಗಲ್ಲೇನ್ರಿ?"

"ಹೌದು, ಕಲ್ಲೇ! ಕಲ್ಲೇ ಆಗ್ಯದ!" ಸುಂದರಬಾಯಿಯ ದನಿ ಒಡೆಯಿತು. "ನಿಮ್ಮ ಮಾವ ಶಹಾಬಾದದಾಗ ಮನಿ ಕಟ್ಟಿಸಿದ್ರು. ತಾವು ಕೆಲಸ ಮಾಡೋ ಕಲ್ಲಿನ ಖಣಿಯಿಂದ ತಾವೇ ಫರಸಿ ಕಲ್ಲು ತಂದು ಹಾಸಿದ್ರು. ವಾಸ್ತು ಆಗಿ ತಿಂಗಳಾಗಿದ್ದಿಲ್ಲ. 'ಗಾಣಗಾಪುರಕ್ಕ ಹೋಗಿಬರಮು' ಅಂತ ನಾನೇ ಹಠ ಹಿಡಿದೆ. ಕೀಲಿ ಹಾಕ್ಕೊಂಡು ಹೋದ್ವಿ. ಎಂಟು ದಿನ ಮನ್ಯಾಗ ದೀಪ ಇದ್ದಿಲ್ಲ. ಬಂದ ಮರುದಿನ ಖಣಿಗಿ ಹೋದವರು… ಕಲ್ಲಿನ ಕೆಳಗಿಂದ ತೆಗೆದ್ರವ್ವ ಅವರನ್ನ! ಲಕ್ಷ್ಮಿಕಾಂತ ಆಗ ನನ್ನ ಮಡಿಲಾಗಿದ್ದ. ನಿನ್ನ ಕಾಲು ಬೀಳ್ತೀನಿ, ಕೀಲಿ ಹಾಕಬ್ಯಾಡ… ನನ್ನ ಮಗ ಉಳಿಯಂಗಿಲ್ಲ!"

ಜಗದೇವಿ ದೇವರ ಗೂಡಿನ ದೀಪದ ಕಡೆ ನೋಡಿದಳು. ಇಷ್ಟು ದಿನ ತನ್ನನ್ನು ಕಾಡಲೆಂದೇ ಹುಟ್ಟಿಸಿದ ಕಟ್ಟಳೆ ಎಂದುಕೊಂಡಿದ್ದಳಲ್ಲ! ಅದರೊಳಗೆ ಒಬ್ಬ ಹೆಂಗಸಿನ ಇಡೀ ಬಾಳು ನಡುಗುತ್ತಾ ಕುಳಿತಿತ್ತು. ಹೋದರೆ ಆ ಭಯಕ್ಕೆ ತಾನೇ ಎಣ್ಣೆ ಸುರಿದಂತೆ. ನಾಳೆ ಏನಾದರೂ ಆಗಿಬಿಟ್ಟರೆ ತನ್ನ ಮನಸ್ಸೇ ತನ್ನನ್ನು ಬಿಟ್ಟೀತೇ? ಆದರೆ ಅಲ್ಲಿ ಅವನು ತನ್ನ ಹೆಸರು ಕರೆಯುತ್ತಿದ್ದಾನೆ…

"ಅತ್ತಿ," ಎಂದಳು ಕೊನೆಗೆ, ಅಳುತ್ತಲೇ. "ದೀಪ ನಾ ಒಂದಿನಾನೂ ತಪ್ಪಿಸಿಲ್ರಿ. ಬಾಗಲಾ ಬಿಟ್ಟು ಕದಲಿಲ್ಲ. ಆದ್ರೂ ಜ್ವರಾ ಬಂತಲ್ರಿ! ನಾ ಹೋಗ್ತೀನಿ. ಪಾಪ ಬಂದ್ರ ನನಗೇ ಬರ್ಲಿ."

ಬೀಗಕ್ಕಾಗಿ ಹುಡುಕಾಡಿದಳು. ಅಡುಗೆಮನೆಯ ಡಬ್ಬದಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಹರಿಯದೆ ಬಿದ್ದಿತ್ತು. ಹಲ್ಲಿನಿಂದ ಹರಿದು ತೆಗೆದಳು. ಬೀಗ ಬಿದ್ದ ಸದ್ದಿಗೆ ಅವಳ ಬೆನ್ನು ಜುಮ್ಮೆಂದಿತು.

ಆಮೇಲಿನ ದಿನಗಳನ್ನು ಜಗದೇವಿ ಆಸ್ಪತ್ರೆಯ ಸ್ಟೂಲಿನ ಮೇಲೆ ಕಳೆದಳು. ಮೊದಲ ರಾತ್ರಿ ಸ್ಟೇಷನ್ನಿನಿಂದ ಅಲ್ಲಿಗೆ ಟ್ಯಾಕ್ಸಿಯಲ್ಲಿ ಕರೆತರುವಾಗ ಖಾಜಾಮಿಯಾ, "ಅದೇ ನೋಡ್ರಿ ಭಾಬಿ, ಸಮುಂದರ್" ಎಂದು ಕೈ ತೋರಿಸಿದ್ದ. ಇಷ್ಟು ತಿಂಗಳಾದ ಮೇಲೆ ಮೊದಲ ಸಲ ಕಂಡ ಸಮುದ್ರ ಕತ್ತಲೆಯಂತೆ ಸರಿದುಹೋಗಿತ್ತು. ಮರುದಿನ ಮಧ್ಯಾಹ್ನ ಖಂಡೆಪ್ಪ ಬಂದ. ತಮ್ಮನ ತಲೆ ಸವರಿ, ತಂಗಿಯಂತೆ ನೋಡಿಕೊಂಡ ತಮ್ಮನ ಹೆಂಡತಿಯ ಮುಖ ನೋಡಲಾರದೆ ಹೇಳಿದ: "ಅವ್ವ ಇಲ್ಲಿಗಿ ಬರಂಗಿಲ್ಲಂತವ್ವ. ನಿಮ್ಮ ಮನಿ ಬಾಗಲ ಮುಂದ ಕುಂತಾಳ. ಹೊರಗೇ ದೀಪ ಹಚ್ಚ್ಯಾಳ. ಕೀಲಿ ಕೊಡು."

ಸಾಯುವ ಮಗನನ್ನು ನೋಡಲೂ ಬಾರದ ತಾಯಿ! ಜಗದೇವಿಗೆ ರೋಷ ಉಕ್ಕಿತು. ಆದರೆ ಕೈ ತಾನಾಗಿ ಕೀಲಿ ಕೊಟ್ಟಿತು. ಖಂಡೆಪ್ಪ ಅವ್ವನನ್ನು ಒಳಗೆ ಬಿಟ್ಟು, ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ರಜೆ ಇಲ್ಲವೆಂದು ರಾತ್ರಿಯ ಗಾಡಿಗೆ ಹೊರಟುಹೋದ.

ಲಕ್ಷ್ಮಿಕಾಂತ ಉಳಿದ. ಜ್ವರ ಇಳಿಯಿತು, ಊಟ ಸೇರಿತು, ಹೆಂಡತಿಯನ್ನು ನೋಡಿ, "ನೀ ಇಷ್ಟ್ ಕರ್ರಗಾಗಿದಿ, ಜ್ವರ ಬಂದಿದ್ದು ನಂಗೋ ನಿಂಗೋ?" ಎಂದು ಚೇಷ್ಟೆ ಮಾಡುವಷ್ಟಾದ. ಮುಂದಿನ ವಾರ ಇಬ್ಬರೂ ಮನೆಗೆ ಮರಳಿದರು. ಬಾಗಿಲು ಹಾರು ಹೊಡೆದಿತ್ತು. ಸುಂದರಬಾಯಿ ಹೊಸ್ತಿಲ ಒಳಗೆ ನೆಲದ ಮೇಲೆ ಕುಳಿತಿದ್ದಳು. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು, ಅಳಲಿಲ್ಲ. ಸೊಸೆಯ ಕಡೆ ತಿರುಗಿದಾಗ ಬೈಗುಳಕ್ಕೆ ಸಿದ್ಧಳಾಗಿ ಜಗದೇವಿ ತಲೆ ತಗ್ಗಿಸಿದಳು.

"ಇಲ್ಲಿ ಮಧ್ಯಾಹ್ನ ಅನ್ನೋದು ಮುಗಿಯೋದೇ ಇಲ್ಲೇನು?" ಎಂದಳು ಸುಂದರಬಾಯಿ.

ಜಗದೇವಿ ತಲೆ ಎತ್ತಿದಳು.

"ಯಾರೂ ಬರಂಗಿಲ್ಲ, ಹೋಗಂಗಿಲ್ಲ. ಎದುರಿನ ಕೀಲಿಗೋಳ ಮಾರಿ ನೋಡಿ ನೋಡಿ… ನಿನ್ನೆ ರೊಟ್ಟಿ ಬಡಿಯೋ ಮುಂದ ನನ್ನ ಜೋಡಿ ನಾನೇ ಮಾತಾಡ್ಲಿಕತ್ತಿದ್ದೆ. ನೀನೂ ಹಂಗೇ…?"

"ಹೂಂ ರಿ."

"ದಿನಾ?"

ಜಗದೇವಿ ಹೌದೆಂದು ತಲೆಯಾಡಿಸಿದಳು. ಅತ್ತೆಯ ಕಣ್ಣಲ್ಲಿ ಆಗ ನೀರು ಬಂತು, ಮಗನಿಗಾಗಿ ಬಾರದ ನೀರು! "ನಾ ಸಂಜಿಗೊಮ್ಮೆ ದೀಪ ನೋಡಿದೆ, ನಿನ್ನ ಮಾರಿ ನೋಡ್ಲಿಲ್ಲವ್ವ…"

"ಅವ್ವಾ, ಸಾಕು ಇದೆಲ್ಲ," ಎಂದ ಲಕ್ಷ್ಮಿಕಾಂತ. "ಕೀಲಿ ಬಿದ್ದಮ್ಯಾಲೂ ನಾ ಬದುಕೀನಲ್ಲ! ಬಂದರದ ಬಾಜೂಕ ಸಣ್ಣದೊಂದು ಖೋಲಿ ನೋಡ್ತೀನಿ, ಮೂರೂ ಮಂದಿ ಅಲ್ಲೇ ಇರಮು. ಈ ಮನಿ ಮುಚ್ಚಿಡಮು."

ಸುಂದರಬಾಯಿ ತಲೆಯಾಡಿಸಿದಳು. "ಬುದ್ಧಿಗಿ ತಿಳೀತದಪ್ಪ. ಎದಿಗಿ ತಿಳೀವಲ್ದು. ಮತ್ತ ಕೀಲಿ ಬಿದ್ರ ನಾ ನಿದ್ದಿ ಮಾಡಂಗಿಲ್ಲ. ನೀವಿಬ್ರೂ ಹೋಗ್ರಿ. ನಾ ಇಲ್ಲಿರ್ತೀನಿ, ಯುಗಾದಿ ತನಕ." ಆಮೇಲೆ ಸೊಸೆಯ ಕೈ ಹಿಡಿದಳು. "ಅಂಜಿಕಿ ನಂದು. ಅದಕ್ಕ ನೀ ಯಾಕ ಕಾವಲಿರಬೇಕು?"

ಜಗದೇವಿ ಬೇಡವೆಂದಳು, ಅತ್ತಳು, ತಾನೇ ಇರುತ್ತೇನೆಂದಳು. ಮುದುಕಿ ಕೇಳಲಿಲ್ಲ. ಖಾಜಾಮಿಯಾ ಖೋಲಿ ಹುಡುಕಿಕೊಟ್ಟ ದಿನ, ಜಗದೇವಿ ಅತ್ತೆಗೆ ಹಗ್ಗದ ಚೀಲ ಇಳಿಬಿಡುವುದನ್ನು ಕಲಿಸಿದಳು. ನಳಕ್ಕೆ ನೀರು ಯಾವಾಗ, ವಾಚ್‌ಮನ್ ಯಾವ ಹೊತ್ತಿಗೆ ಮಾತಿಗೆ ಸಿಗುತ್ತಾನೆ, ಯಾವ ಕಿಟಕಿಗೆ ಕಿವಿಗೊಟ್ಟರೆ ರೈಲಿನ ಸದ್ದು ಕೇಳುತ್ತದೆ… ತಾನು ಒಬ್ಬಳೇ ಕಂಡುಕೊಂಡ ಈ ಸಣ್ಣಪುಟ್ಟ ಆಸರೆಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿದಳು. ಸುಂದರಬಾಯಿ ಮಗುವಿನಂತೆ ಹೂಂಗುಟ್ಟಿದಳು. ಸೊಸೆಗೆ ಉಡಿ ತುಂಬಿ, "ಹಿಂದ ತಿರುಗಿ ನೋಡಬ್ಯಾಡ. ನೋಡಿದ್ರ ನೀ ಹೋಗಂಗಿಲ್ಲ, ನಾನೂ ಬಿಡಂಗಿಲ್ಲ" ಎಂದಳು.

ಗಂಡನ ಹಿಂದೆ ಜಗದೇವಿ ಮೆಟ್ಟಿಲಿಳಿದಳು. ವರ್ಷಗಟ್ಟಲೆ ಬೇಡಿಕೊಂಡ ಸುಖ ಮುಂದೆ ನಡೆಯುತ್ತಿತ್ತು, ಆದರೆ ಅವಳ ಕಿವಿಯೆಲ್ಲ ಹಿಂದೆಯೇ ಇತ್ತು. ಪ್ರತಿ ತಿರುವಿನಲ್ಲೂ ನಿಂತು ಆಲಿಸಿದಳು. ಗೇಟಿನವರೆಗೂ ಬಂದರೂ, ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಲೇ ಇಲ್ಲ.