ಹದಿನೈದು ಇಂಚಿನ ಹೆಮ್ಮೆ

"ಈ ಬಾಕ್ಸ್ ಮಾಡಿದ್ದು ಯಾರು?"

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತವನ ದನಿಯಲ್ಲಿ ಎಂಥದೋ ಆತುರ. ಬೆನ್ನ ಮೇಲೆ ಬೇಸ್ ಗಿಟಾರ್, ಕಣ್ಣೆಲ್ಲಾ ಮೂಲೆಯಲ್ಲಿದ್ದ ಸ್ಪೀಕರ್ ಬಾಕ್ಸಿನ ಮೇಲೆ.

ಅಪ್ಪ ಹಲಗೆ ಉಜ್ಜುತ್ತಿದ್ದ ಕೈ ನಿಲ್ಲಿಸದೆ ಗಲ್ಲದಿಂದಲೇ ಮಗಳತ್ತ ತೋರಿಸಿದರು.

ಅವನು ಅಪ್ಪನನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಅಪ್ಪನನ್ನು ನೋಡಿದ.

"ಯಾಕೆ, ನಂಬಿಕೆ ಬರ್ಲಿಲ್ವಾ?" ಅವಳ ಹುಬ್ಬು ಮೇಲೇರಿತು.

"ಹಾಗಲ್ಲ... ನುಡಿಸಿ ನೋಡ್ಲಾ?"

ಹದಿನೈದು ಇಂಚಿನ ಒಂದೇ ಸ್ಪೀಕರಿನ ದೊಡ್ಡ ಬಾಕ್ಸ್ ಅದು. ಹಲಗೆ ಕೊಯ್ದದ್ದರಿಂದ ಹಿಡಿದು ಕೊನೆಯ ಸ್ಕ್ರೂ ಬಿಗಿದದ್ದರವರೆಗೆ ಎಲ್ಲವೂ ಅವಳದೇ ಕೈಕೆಲಸ. ಅವನು ದಪ್ಪ ತಂತಿಯನ್ನು ಮೀಟಿದ. ನೆಲ ಸಣ್ಣಗೆ ನಡುಗಿತು, ಡಬ್ಬದಲ್ಲಿದ್ದ ಮೊಳೆಗಳು ಗಲಗಲ ಎಂದವು. ಅವಳ ಎದೆ ಹೆಮ್ಮೆಯಿಂದ ಉಬ್ಬಿತು... ಅವನು ಬಾಯಿ ತೆರೆಯುವವರೆಗೆ!

"ಆಳ ಅಂದ್ರೆ ಇದು! ಆದ್ರೆ ಬೆರಳಿನ ಪೆಟ್ಟು ಬಿಡಿಬಿಡಿಯಾಗಿ ಕೇಳ್ತಿಲ್ಲ. ನನ್ ಹತ್ರ ಹತ್ತಿಂಚಿನ ನಾಲ್ಕು ಸ್ಪೀಕರ್ ಇರೋ ಬಾಕ್ಸ್ ಇದೆ. ಅದನ್ನ ಇದರ ಮೇಲೆ ಕೂರ್ಸಿದ್ರೆ..."

"ನನ್ ಬಾಕ್ಸಿಗೆ ಊರುಗೋಲು ಬೇಕಿಲ್ಲ!"

"ಊರುಗೋಲಲ್ಲ ರೀ... ಜೋಡಿ."

ಆ ಪದಕ್ಕೆ ಅವಳ ಕಿವಿ ಯಾಕೆ ಬಿಸಿಯಾಯಿತೋ! ಅಪ್ಪ ಮಾತ್ರ ತಲೆ ಬಗ್ಗಿಸಿಕೊಂಡು ಮೀಸೆಯಲ್ಲೇ ನಕ್ಕರು.

ಅವನು ಬಾಕ್ಸ್ ಕೊಂಡ. ಆದರೂ ವರ್ಕ್‌ಶಾಪಿಗೆ ಬರುವುದು ನಿಲ್ಲಲಿಲ್ಲ. ಒಂದು ದಿನ ಎರಡೂ ಬಾಕ್ಸ್‌ಗಳನ್ನು ವ್ಯಾನಿನಲ್ಲಿ ಹೇರಿಕೊಂಡೇ ಬಂದ.

"ಎರಡೂ ಎಂಟು ಓಮಿನವು. ಪವರ್ ಸಮಸಮ ಹಂಚ್ಕೋತವೆ, ನನ್ ಆಂಪ್ಲಿಫೈಯರ್ ತಡ್ಕೊಳ್ಳುತ್ತೆ," ಎಂದು ಒಂದರ ಮೇಲೊಂದು ಕೂರಿಸಿದ.

"ಎಷ್ಟು ಹಂಚಿದ್ರೂ ನಿಮ್ದೇ ಜಾಸ್ತಿ ಕಿರುಚೋದು. ಯಜಮಾನನ ಹಾಗೇ!"

ಅವನು ಜೋರಾಗಿ ನಕ್ಕು ನುಡಿಸತೊಡಗಿದ. ಅವಳ ಬಾಕ್ಸಿನ ನಾದ ನೆಲದುದ್ದಕ್ಕೂ ಹರಡಿತು. ಅವನದರಿಂದ ಒಂದೊಂದು ಬೆರಳೂ ಬೇರೆಬೇರೆಯಾಗಿ ಮಾತಾಡಿತು. ಅವಳು ಕಣ್ಣು ಮುಚ್ಚಿದಳು. 'ಅಯ್ಯೋ... ಎಷ್ಟು ಚೆನ್ನಾಗಿದೆ!' ಮನಸ್ಸು ಸೋತಿತ್ತು. ಬಾಯಿ ಸೋಲಬೇಕಲ್ಲ?

"ಪರವಾಗಿಲ್ಲ," ಎಂದಳು.

"ನಿಮ್ಮ ಬಾಯಿಂದ ಇಷ್ಟು ಬಂದ್ರೆ ನಂಗೆ ಚಪ್ಪಾಳೆ ಬಿದ್ದ ಹಾಗೆ!"

ಆಮೇಲಾಮೇಲೆ ಅವನು ಬರದ ದಿನ ಅವಳ ಕಣ್ಣು ಬಾಗಿಲ ಕಡೆಗೇ ಹೋಗತೊಡಗಿತು. 'ಇವನು ಬರೋದು ಬಾಕ್ಸಿಗೋಸ್ಕರನಾ... ನನಗೋಸ್ಕರನಾ?'

ಅಷ್ಟರಲ್ಲಿ ಅವನ ತಂಡಕ್ಕೆ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಸಿಕ್ಕಿತು.

"ಮುಂದಿನ ಸಾಲಲ್ಲೇ ಕೂತ್ಕೋಬೇಕು ನೀವು. ಮುಗಿದ್ಮೇಲೆ ಒಂದು ಮಾತು ಹೇಳೋದಿದೆ..." ಅವನ ದನಿ ಮೆತ್ತಗಾಗಿತ್ತು.

ತನ್ನ ಬಾಕ್ಸ್ ಅಷ್ಟು ಜನರ ಮುಂದೆ ನಿಲ್ಲುತ್ತದೆ! ಹಿಂದಿನ ದಿನ ಅವಳು ಅದನ್ನು ವಾಪಸು ತರಿಸಿಕೊಂಡಳು. ಸ್ಪೀಕರ್ ಬಿಚ್ಚಿ, ಮರಕ್ಕೆ ಹೊಳಪು ಕೊಟ್ಟು, ಮುಂಭಾಗಕ್ಕೆ ಹೊಸ ಬಟ್ಟೆ ಬಿಗಿದು, ಗುನುಗುತ್ತಲೇ ಎಲ್ಲವನ್ನೂ ಮತ್ತೆ ಜೋಡಿಸಿ ಕಳಿಸಿದಳು.

ಕಾರ್ಯಕ್ರಮದ ಸಂಜೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದವರಿಗೆಲ್ಲಾ ಹೇಳುತ್ತಿದ್ದರು. "ಆ ಕೆಳಗಡೆ ಬಾಕ್ಸ್ ಇದೆಯಲ್ಲ, ನನ್ ಮಗಳದು!"

ಮೊದಲ ಹಾಡು ಶುರುವಾಯಿತು. ಅವಳ ಮುಖ ಕಪ್ಪಿಟ್ಟಿತು.

ಆಳವೇ ಇಲ್ಲ! ಬೇಸ್ ಎನ್ನುವುದು ಎಲ್ಲೋ ಕರಗಿಹೋಗಿ, ತಗಡು ತಟ್ಟಿದಂತೆ ಕೇಳುತ್ತಿತ್ತು. ಜನ ಗುಸುಗುಸು ಎಂದರು. ವೇದಿಕೆಯ ಮೇಲೆ ಅವನು ಗಾಬರಿಯಿಂದ ಬಗ್ಗಿ, ಅವಳ ಬಾಕ್ಸಿನ ಕೇಬಲ್ಲನ್ನು ಕಿತ್ತ. ಮರುಕ್ಷಣವೇ ಅವನ ಬಾಕ್ಸೊಂದರಿಂದಲೇ ನಾದ ತುಂಬಿ ಬಂತು. ಜನ ಕುಣಿದರು.

ಹೊಸ ಬಟ್ಟೆ ತೊಟ್ಟ ಅವಳ ಬಾಕ್ಸ್ ಮೂಕವಾಗಿ ನಿಂತಿತ್ತು.

'ಇಷ್ಟು ಜನರ ಮುಂದೆ... ನನ್ನದನ್ನೇ ಕಿತ್ತುಹಾಕಿದನಲ್ಲ!'

"ಏಳಪ್ಪಾ, ಮನೆಗೆ ಹೋಗೋಣ."

ಅವನ ಫೋನುಗಳನ್ನು ಅವಳು ಎತ್ತಲಿಲ್ಲ. ವರ್ಕ್‌ಶಾಪಿಗೆ ಬಂದಾಗ ಹಿಂದಿನ ಕೋಣೆಯಿಂದ ಹೊರಬರಲಿಲ್ಲ.

ಹೀಗಿರುವಾಗ ಅವನ ತಂಡದಲ್ಲಿ ಡ್ರಮ್ ಬಾರಿಸುವ ಅಕ್ಕ ತನಗೊಂದು ಸ್ಟೂಲ್ ಮಾಡಿಸಲು ಬಂದಳು.

"ಅವತ್ತು ಅವನ ಬಾಕ್ಸಿನ ಒಳಗಿನ ತಂತಿನೇ ಉಲ್ಟಾ ಇತ್ತಂತೆ ಕಣೇ. ಅವನೇ ಎಲ್ಲರ ಮುಂದೆ ಹೇಳ್ದ. ನಿನ್ನ ಬಾಕ್ಸ್ ಬಂಗಾರ ಅಂತೆ!"

ಅವಳ ಕೈಯಲ್ಲಿದ್ದ ಅಳತೆ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು.

'ಅವನ ಬಾಕ್ಸನ್ನ ಯಾರೂ ಬಿಚ್ಚೇ ಇಲ್ವಲ್ಲ... ಬಿಚ್ಚಿದ್ದು ನಾನು. ನನ್ನದನ್ನ!'

ಅವಳು ಸ್ಕ್ರೂಡ್ರೈವರನ್ನೂ ಒಂದು ಸಣ್ಣ ಬ್ಯಾಟರಿ ಸೆಲ್ಲನ್ನೂ ಜೇಬಿಗೆ ಹಾಕಿಕೊಂಡಳು. "ಅಕ್ಕಾ, ನಡಿ. ನಿಮ್ಮ ತಂಡದವರೆಲ್ಲಾ ಇರ್ಬೇಕು."

ರಿಹರ್ಸಲ್ ಕೋಣೆಯಲ್ಲಿ ಅವಳನ್ನು ಕಂಡು ಅವನು ಎದ್ದೇ ನಿಂತ. "ನೀವು...?"

ಅವಳು ನೇರವಾಗಿ ಹೋಗಿ ಎರಡೂ ಬಾಕ್ಸಿನ ಮುಂದಿನ ಬಟ್ಟೆ ತೆಗೆದಳು. ಮೊದಲು ಅವನ ಬಾಕ್ಸಿನ ತಂತಿಗೆ ಸೆಲ್ ಮುಟ್ಟಿಸಿದಳು. ನಾಲ್ಕು ಸ್ಪೀಕರುಗಳ ಕಾಗದದ ಪರದೆಯೂ ಪುಟ್ ಎಂದು ಮುಂದಕ್ಕೆ ಜಿಗಿಯಿತು. ಆಮೇಲೆ ತನ್ನದಕ್ಕೆ ಮುಟ್ಟಿಸಿದಳು.

ಅದು ಹಿಂದಕ್ಕೆ ಸರಿಯಿತು!

"ನೋಡಿ. ಒಂದು ಗಾಳಿನ ಮುಂದಕ್ಕೆ ತಳ್ಳುತ್ತೆ, ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ಎರಡೂ ಸೇರಿ ಬೇಸನ್ನ ನುಂಗಿಹಾಕಿದ್ವು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ದು ನಾನು. ಇವರಲ್ಲ."

ಅವಳು ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು, ತಲೆ ಮಾತ್ರ ಬಾಗಿರಲಿಲ್ಲ.

"ನಿಮ್ಗೆ ಗೊತ್ತಿತ್ತು ಅಲ್ವಾ?"

"ಅವತ್ತೇ ಗೊತ್ತಾಯ್ತು."

"ಮತ್ತೆ ನನ್ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ?"

"ನಿಮ್ ಹೆಸರು ಕೆಡಬಾರ್ದು ಅಂತ..."

"ನನ್ ಕೆಲಸದ ಒಳ್ಳೇದೂ ನಂದೇ, ತಪ್ಪೂ ನಂದೇ! ಅದನ್ನ ಯಾರಿಗೂ ಬಿಟ್ಕೊಡಲ್ಲ ನಾನು."

ಅವನು ಅವಳನ್ನೇ ನೋಡಿದ. "ತಂತಿ ಸರಿ ಮಾಡೋಕೆ ನಂಗೂ ಬರ್ತಿತ್ತು. ಆದ್ರೆ ನಿಮ್ ಕೆಲಸ ಅದು. ನಿಮ್ಮನ್ನ ಕೇಳ್ದೆ ಕೈ ಹಾಕೋಕೆ ಮನಸ್ಸು ಬರ್ಲಿಲ್ಲ."

ಅವಳ ಸಿಟ್ಟು ಅಲ್ಲೇ ಇಳಿಯಿತು. ಬಗ್ಗಿ, ತಂತಿಗಳನ್ನು ಬಿಚ್ಚಿ, ಸರಿಯಾಗಿ ಜೋಡಿಸಿದಳು.

"ಈಗ ನುಡಿಸಿ."

ಅವನು ನುಡಿಸಿದ. ಕಿಟಕಿಯ ಗಾಜು ಝುಮ್ಮೆಂದಿತು. ಡ್ರಮ್ಮರ್ ಅಕ್ಕ "ಅಬ್ಬಬ್ಬಾ!" ಎಂದು ಎದೆ ಮುಟ್ಟಿಕೊಂಡಳು. "ಇಂಥಾ ನಾದ ಈ ಕೋಣೆ ಕೇಳೇ ಇಲ್ಲ ಕಣೋ!"

"ಮಾಡಿದ್ದು ಯಾರು ಅಂದ್ಕೊಂಡೆ?" ಅವನ ದನಿಯ ಹೆಮ್ಮೆ ಕೇಳಿ ಅವಳು ಮುಖ ತಿರುಗಿಸಿ ನಕ್ಕಳು. ಅಕ್ಕನಿಗೆ ಅರ್ಥವಾಯಿತು. "ಚಹಾ ಕುಡಿದು ಬರೋಣ, ನಡೀರ್ರೋ," ಎಂದು ಉಳಿದವರನ್ನು ಹೊರಗೆ ಅಟ್ಟಿದಳು.

"ಅವತ್ತು ಹೇಳ್ಬೇಕಂದಿದ್ದು ಈಗ ಹೇಳ್ಲಾ?" ಅವನು ಗಿಟಾರ್ ಕೆಳಗಿಟ್ಟ. "ನಿಮ್ಮನ್ನ ನೋಡ್ದಿದ್ರೆ ದಿನ ಹೋಗಲ್ಲ ನಂಗೆ. ಜೀವನ ಪೂರ್ತಿ ಜೊತೆಗಿರ್ತೀರಾ?"

ಅವಳು ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದಳು.

"ಒಂದು ಷರತ್ತು. ನನ್ ತಪ್ಪು ಕಂಡ್ರೆ ಮುಚ್ಚಿಡಬಾರ್ದು. ಮುಖಕ್ಕೇ ಹೇಳ್ಬೇಕು."

"ಒಪ್ಪಿದೆ. ಈಗ್ಲೇ ಒಂದು ಹೇಳ್ಲಾ?"

"ಏನು?"

"ಕೆನ್ನೆ ಮೇಲೆ ಮರದ ಪುಡಿ ಇದೆ."

"ಒರೆಸೋಕೆ ಕೈಯಿಲ್ವಾ ನಿಂಗೆ?"

ಅವನ ಕೈ ಅರ್ಧಕ್ಕೇ ನಿಂತಿತು. "ಏನಂದ್ರಿ? 'ನಿಂಗೆ'...?"

"ಹೂಂ. ನಿಂಗೇ!"