ಕೀಪರ್ ಕಾರ್ಡು ಎಲ್ಲಿ ಹೋಯ್ತು?

"ಆದಿ, ನಿನ್ ಕಾರ್ಡು ಇದ್ಯಲ್ಲ..." ಎಂದು ಆಂಜಿನಪ್ಪ ಬಾಯಿ ತೆರೆದಿದ್ದನಷ್ಟೇ.

"ಕೈ ಮೇಲೆತ್ತು! ಅಲ್ಲಾಡಿದ್ರೆ ಕತೆ ಫಿನಿಷ್!"

ಆದಿಲಕ್ಷ್ಮಿ ಮರದ ಸ್ಕೇಲನ್ನು ಪಿಸ್ತೂಲಿನಂತೆ ಹಿಡಿದು ಅವನ ಎದೆಗೆ ಗುರಿಯಿಟ್ಟಳು. ಪ್ರೇಯರ್ ಬೆಲ್ಲಿಗೆ ಇನ್ನೂ ಐದು ನಿಮಿಷವಿತ್ತು. ಐದನೇ ಕ್ಲಾಸಿನವರೆಲ್ಲ ಬಂದು ಸುತ್ತ ನಿಂತರು.

"ನೋಡ್ರೋ! ಕಾರ್ಡು ಕಳ್ದಿದೆ ಅಂತ ನಾನಿನ್ನೂ ಯಾರಿಗೂ ಹೇಳೇ ಇಲ್ಲ. ಇವನಿಗೆ ಹೆಂಗೆ ಗೊತ್ತಾಯ್ತು? ಕಳ್ಳ ತಾನಾಗೇ ಬಂದು ಬಲೆಗೆ ಬಿದ್ದ!"

"ಏಯ್, ಪೂರ್ತಿ ಕೇಳೇ..."

"ಏನಿದ್ರೂ ಕೋರ್ಟಲ್ಲಿ ಹೇಳು! ಕಳ್ಳ! ಕಾರ್ಡ್ ಕಳ್ಳ!"

ಹುಡುಗರು ಹೋ ಎಂದು ಕೂಗಿದರು. ಆಂಜಿಯ ಮುಖ ಕೆಂಪಾಯಿತು. ಅವನು ಲೈನಿಗೆ ಹೋಗಿ ನಿಂತ.

ಕಳೆದದ್ದು ಅಂತಿಂಥ ಕಾರ್ಡಲ್ಲ. ಬಬಲ್ ಗಮ್ ಜೊತೆ ಬರುವ ಕ್ರಿಕೆಟ್ ಕಾರ್ಡುಗಳಲ್ಲಿ ಹನ್ನೊಂದನೇ ನಂಬರಿನ ವಿಕೆಟ್ ಕೀಪರ್. ಇಡೀ ಗೌನಿಪಲ್ಲಿಯಲ್ಲಿ ಅದು ಸಿಕ್ಕಿದ್ದು ಆದಿಗೊಬ್ಬಳಿಗೇ. ಇಪ್ಪತ್ತೂ ಕಾರ್ಡು ತೋರಿಸಿದವರಿಗೆ ಗಮ್ ಕಂಪನಿಯ ವ್ಯಾನಿನವರು ಬ್ಯಾಟು ಕೊಡುತ್ತಾರೆ. ಊರಿಗೆ ಒಂದೇ ಬ್ಯಾಟು. ವ್ಯಾನು ಬರುವುದು ಇವತ್ತು ಸಂಜೆ, ಗಂಗುಲಪ್ಪನ ಅಂಗಡಿಗೆ.

ದವಡೆ ನೋಯುವಷ್ಟು ಗಮ್ ಅಗಿದು ಆದಿ ಇಪ್ಪತ್ತನ್ನೂ ಕೂಡಿಸಿದ್ದಳು. ಕೀಪರ್ ಕಾರ್ಡನ್ನು ಮಾತ್ರ ಬೇರೆ ಬಚ್ಚಿಟ್ಟಿದ್ದಳು, ಮನೆಯ ಹಿಂದೆ ಜೋಡಿಸಿಟ್ಟಿದ್ದ ಚಂದ್ರಿಕೆಗಳ ಮೇಲ್ಗಡೆಯದರಲ್ಲಿ. ಚಂದ್ರಿಕೆ ಅಂದರೆ ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ಅದರ ಮೇಲೆ ಸುತ್ತುಸುತ್ತಾಗಿ ಪಟ್ಟಿ ಹೆಣೆದಿರುತ್ತಾರೆ. ಆ ಪಟ್ಟಿಯ ಸಂದಿಯಲ್ಲಿ ಕಾರ್ಡು ಕೂತಿತ್ತು. ಅವರ ಮನೆಯ ಹುಳಗಳಿನ್ನೂ ಚಿಕ್ಕವು. ಹದಿನೈದು ದಿನ ಚಂದ್ರಿಕೆ ಯಾರೂ ಮುಟ್ಟುವುದಿಲ್ಲ ಎಂದು ಅವಳ ಲೆಕ್ಕ.

ಇವತ್ತು ಬೆಳಿಗ್ಗೆ ನೋಡಿದರೆ ಕಾರ್ಡಿಲ್ಲ! ಮೇಲಿನ ಚಂದ್ರಿಕೆಯನ್ನು ಎತ್ತಿ, ಬಡಿದು, ಊದಿ ನೋಡಿದಳು. ಧೂಳು ಬಿತ್ತು, ಕಾರ್ಡು ಬೀಳಲಿಲ್ಲ.

"ಅಜ್ಜೀ, ಹಿತ್ತಲಿಗೆ ಯಾರು ಬಂದಿದ್ರು?"

ಅಕ್ಕಯಮ್ಮಜ್ಜಿ ಸೊಪ್ಪು ಕತ್ತರಿಸುತ್ತ ಹೇಳಿದ್ದಳು: "ಯಾರೂ ಇಲ್ವೇ ನಮ್ಮಮ್ಮ. ಮೊನ್ನೆ ಆ ಆಂಜಿ ಬಂದಿದ್ದ, ಅವರಮ್ಮ ಕಳ್ಸಿದ್ಳು ಅಂತ..."

ಆಂಜಿ! ಅಷ್ಟು ಸಾಕು. ಅಜ್ಜಿಯ ಮಾತು ಮುಗಿಯುವಷ್ಟರಲ್ಲಿ ಆದಿ ಬ್ಯಾಗು ಹಾರಿಸಿಕೊಂಡು ಬೀದಿಯಲ್ಲಿದ್ದಳು. ಆಂಜಿಯ ಹತ್ತಿರ ಹತ್ತೊಂಬತ್ತು ಕಾರ್ಡಿದ್ದವು. ಅವನಿಗೆ ಇಲ್ಲದ್ದು ಯಾವುದು ಗೊತ್ತಾ? ಅದೇ ಕೀಪರ್!

ಕ್ಲಾಸಿನಲ್ಲಿ ಆದಿ ಸಿಐಡಿ ಕಣ್ಣಿನಿಂದ ಅವನನ್ನು ನೋಡುತ್ತಲೇ ಇದ್ದಳು. ನೋಡಿದಷ್ಟೂ ಅನುಮಾನ ಗಟ್ಟಿಯಾಯಿತು.

ಸುಳಿವು ಒಂದು: ಆಂಜಿಯ ಕಣ್ಣು ಕೆಂಪಾಗಿವೆ. ಪಾಪ ಮಾಡಿದವನಿಗೆ ನಿದ್ದೆ ಎಲ್ಲಿ ಬರುತ್ತದೆ?

ಸುಳಿವು ಎರಡು: ಊಟದ ಬೆಲ್ಲಾದದ್ದೇ ಮನೆಗೆ ಓಡಿದ. ಮಾಲು ಸಾಗಿಸಲು ಇರಬೇಕು.

ಸುಳಿವು ಮೂರು: ಬಾಗಿಲ ಮುಂದೆ ನಿಂತು ಉಜ್ಜಿ ಉಜ್ಜಿ ಕೈ ತೊಳೆದ. ಬೆರಳಚ್ಚು ಅಳಿಸುತ್ತಿದ್ದಾನೆ! ಹುಳ ಸಾಕುವ ಮನೆಯವರೆಲ್ಲ ಹಾಗೆ ತೊಳೆಯುತ್ತಾರೆ, ಆದಿಯೂ ದಿನಕ್ಕೆ ಹತ್ತು ಸಲ ತೊಳೆಯುತ್ತಾಳೆ. ಅದು ಬೇರೆ ಮಾತು.

ಇದನ್ನು ಅವಳು ಅವನ ಮನೆಯ ಎದುರಿನ ಹುಣಸೆಮರದ ಹಿಂದೆ ಬಗ್ಗಿ ನಿಂತು ನೋಡಿದಳು. ಕಟ್ಟಿರುವೆ ಎರಡು ಸಲ ಕಚ್ಚಿತು. ಸಿಐಡಿ ಅಂದಮೇಲೆ ಇದೆಲ್ಲ ಇದ್ದದ್ದೇ.

ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಪೋಂ ಪೋಂ ಎಂದು ಹಾರ್ನು ಕೇಳಿತು. ವ್ಯಾನು ಬಂದಿತ್ತು. ಹುಡುಗರೆಲ್ಲ ಅಂಗಡಿಯ ಕಡೆ ನೋಡಿದರು. ಆಂಜಿ ಮಾತ್ರ ಮನೆಯ ಕಡೆ ಹೊರಟ.

"ಕಾರ್ಡು ತರೋಕೆ ಹೋಗ್ತಿದಾನೆ! ನೀವು ಅವ್ನ ಮನೆ ಬಾಗ್ಲಲ್ಲಿ ಕಾಯ್ರಿ. ಕಳ್ಳನ್ನ ಮಾಲ್ ಸಮೇತ ಹಿಡ್ಕೊಂಡ್ ಬರ್ತೀನಿ!" ಎಂದು ಆದಿ ಅವನ ಹಿಂದೆಯೇ ನುಗ್ಗಿದಳು. ಐದಾರು ಹುಡುಗರು ಜೊತೆಗೆ ಬಂದು ಬೀದಿಯಲ್ಲೇ ನಿಂತರು.

ಆಂಜಿ ಹುಳದ ಮನೆಯ ಬಾಗಿಲು ತೆರೆದು ಒಳಗೆ ಹೋಗುತ್ತಿದ್ದ. ಆದಿ ಹೊಸ್ತಿಲಿಗೆ ಹಾರಿದಳು.

"ಸಿಕ್ಬಿದ್ದೆ ಮಗನೇ! ಎಲ್ಲಿ ನನ್..."

"ನಿಂತ್ಕೋ ಅಲ್ಲೇ!" ಆಂಜಿ ಎರಡೂ ಕೈ ಅಡ್ಡ ಚಾಚಿದ. "ಬಾಯಲ್ಲಿರೋ ಗಮ್ ಉಗ್ದು ಬಾ. ಕಾಲು ತೊಳಿ."

ಅವನು ಹೇಳಿದ ರೀತಿಗೆ ಆದಿಯ ಡೈಲಾಗು ಅರ್ಧಕ್ಕೇ ನಿಂತಿತು. ಹುಳದ ಮನೆಗೆ ವಾಸನೆ, ಕೊಳೆ ಆಗದು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಮ್ ಉಗಿದು, ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಮೆಲ್ಲಗೆ ಒಳಗೆ ಬಂದಳು.

ಗೋಡೆಯುದ್ದಕ್ಕೂ ಚಂದ್ರಿಕೆಗಳು ನಿಂತಿದ್ದವು. ಸೊಪ್ಪು ತಿಂದು ಬಲಿತು ಹಣ್ಣಾದ ಹುಳಗಳು ಸಾವಿರಗಟ್ಟಲೆ ತಲೆ ಆಡಿಸುತ್ತ ಗೂಡು ಕಟ್ಟುತ್ತಿದ್ದವು. ಮೂಲೆಯಲ್ಲಿ ಆಂಜಿಯ ಅಮ್ಮ ಕದಿರಮ್ಮ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ಕಣ್ಣೂ ಕೆಂಪಾಗಿದ್ದವು.

"ಬಾ ಪಾಪ," ಎಂದಳು ಕದಿರಮ್ಮ. "ಎಲ್ಲಾ ಒಟ್ಟಿಗೇ ಹಣ್ಣಾಗ್ಬಿಟ್ವು ಕಣಮ್ಮ. ನಮ್ ಚಂದ್ರಿಕೆ ಸಾಲ್ಲಿಲ್ಲ. ನಿಮ್ಮಜ್ಜಿ ಒಂದು ಕೊಡದೆ ಇದ್ದಿದ್ರೆ ಈ ಹುಳಾನೆಲ್ಲ ಎಲ್ಲಿ ಬಿಡ್ತಿದ್ದೆ? ಮೊನ್ನೆ ಆಂಜೀನೇ ತಲೆ ಮೇಲೆ ಹೊತ್ಕೊಂಡ್ ಬಂದ."

ಆದಿ ಕೊನೆಯ ಚಂದ್ರಿಕೆಯ ಹತ್ತಿರ ಹೋದಳು. ಅವರದೇ. ಅಂಚಿಗೆ ಅಜ್ಜಿ ಕಟ್ಟಿದ್ದ ನೀಲಿ ಸೀರೆಯ ಚೂರು ಇತ್ತು. ಹಿತ್ತಲಲ್ಲಿ ಮೇಲ್ಗಡೆ ಇದ್ದದ್ದು ಇದು. ಬೆಳಿಗ್ಗೆ ಅವಳು ಬಡಿದು ನೋಡಿದ್ದು ಇದರ ಕೆಳಗಿನದನ್ನು.

ಪಟ್ಟಿಯ ಸಂದಿಯಲ್ಲಿ ಕೀಪರ್ ಬಗ್ಗಿ ನಿಂತಿದ್ದ. ಅವನ ಗ್ಲೌಸಿನಿಂದ ಪಟ್ಟಿಯವರೆಗೆ ಬಿಳೀ ನೂಲಿನ ತೆಳ್ಳನೆ ಪರದೆ. ಪರದೆಯೊಳಗೆ ಒಂದು ಹುಳ ಆ ಕಡೆ ಈ ಕಡೆ ತಲೆ ಹೊರಳಿಸುತ್ತಿತ್ತು. ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು.

"ನಿನ್ನೆ ರಾತ್ರಿ ಹುಳ ಬಿಟ್ಟಾದ್ಮೇಲೆ ನೋಡ್ದೆ," ಎಂದ ಆಂಜಿ. "ಆಗ್ಲೇ ನೂಲು ಹಾಕಿತ್ತು. ಅಲ್ಲಾಡಿಸಿದ್ರೆ ಗೂಡು ಕೆಟ್ಟೋಗುತ್ತಲ್ಲ. ಬೆಳಿಗ್ಗೆ ಹೇಳೋಣ ಅಂತ ಬಂದೆ."

ಹೊರಗೆ ಹಾರ್ನು ಮತ್ತೆ ಕೂಗಿತು.

ಆಂಜಿ ಚಂದ್ರಿಕೆಯನ್ನೇ ನೋಡುತ್ತ ಹೇಳಿದ: "ಬೇಕಾದ್ರೆ ಕಿತ್ಕೋ. ನಿಂದೇ ಕಾರ್ಡು. ಅಮ್ಮ ಏನೂ ಅನ್ನಲ್ಲ."

ಕದಿರಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಆದಿ ಕೈ ಚಾಚಿದಳು. ಬೆರಳು ಕಾರ್ಡಿನ ಅಂಚಿಗೆ ತಾಗಿತು. ನೂಲು ಸಣ್ಣಗೆ ನಡುಗಿತು. ಹುಳ ತಲೆ ಆಡಿಸುವುದನ್ನು ನಿಲ್ಲಿಸಿತು. ಪಕ್ಕದವೂ ನಿಲ್ಲಿಸಿದವು.

ಅವಳು ಕೈ ಹಿಂದಕ್ಕೆ ತೆಗೆದಳು.

ಆಗ ಕಿಟಕಿಯ ಮೇಲೆ ಒಂದು ಕಟ್ಟು ಕಂಡಿತು. ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳು. ಆಂಜಿಯ ಹತ್ತೊಂಬತ್ತು. ಇಪ್ಪತ್ತನೆಯದು ನಿನ್ನೆಯಿಂದ ಅವನ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

ಆದಿ ಆ ಕಟ್ಟನ್ನೇ ನೋಡಿದಳು. ಏನಾದರೂ ಹೇಳಬೇಕು ಅನ್ನಿಸಿತು. ಟೆಂಟಿನಲ್ಲಿ ನೋಡಿದ ಎಲ್ಲ ಸಿನಿಮಾಗಳನ್ನೂ ನೆನೆಸಿಕೊಂಡಳು. ಯಾವುದರಲ್ಲೂ ಇಂಥ ಸೀನಿರಲಿಲ್ಲ.

"ಆಂಜಿ, ಸೊಪ್ಪಿನ ಬುಟ್ಟಿ ಆಚೆ ಇಡ್ಬೇಕಾ? ಒಂದ್ ಕಡೆ ನಾನ್ ಹಿಡ್ಕೋತೀನಿ."

ಇಬ್ಬರೂ ಖಾಲಿ ಬುಟ್ಟಿ ಎತ್ತಿಕೊಂಡು ಹೊರಗೆ ಬಂದರು. ಬೀದಿಯ ತುದಿಯಲ್ಲಿ ಧೂಳೆಬ್ಬಿಸಿಕೊಂಡು ವ್ಯಾನು ಶ್ರೀನಿವಾಸಪುರದ ಕಡೆ ತಿರುಗುತ್ತಿತ್ತು. ಕಾದಿದ್ದ ಹುಡುಗರು ಓಡಿಬಂದರು.

"ಏನೇ ಆದಿ, ಸಿಕ್ಕನಾ ಕಳ್ಳ? ಮಾಲೆಲ್ಲಿ?"

ಆಂಜಿ ಬುಟ್ಟಿ ಕೆಳಗಿಟ್ಟು ತಲೆ ತಗ್ಗಿಸಿದ.

"ಅವ್ನು ತೆಗ್ದಿಲ್ಲ," ಎಂದಳು ಆದಿ, ಕಾಲ್ಬೆರಳಿನಿಂದ ಮಣ್ಣು ಕೆದಕುತ್ತ.

"ಏನು? ಕೇಳಿಸ್ಲಿಲ್ಲ!"

ಆದಿ ತಲೆಯೆತ್ತಿದಳು. ಬೆಳಿಗ್ಗೆ ಪ್ರೇಯರ್ ಮೈದಾನದಲ್ಲಿ ಎಷ್ಟು ಜೋರಾಗಿ ಕೂಗಿದ್ದಳೋ, ಅಷ್ಟೇ ಜೋರಾಗಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಆಂಜಿ ತೆಗ್ದಿಲ್ಲ! ನಾನೇ ಸರಿಯಾಗ್ ನೋಡ್ಲಿಲ್ಲ!"